ಕಲ್ಲಿಳಿಜಾರಿನ ವಿಷ್ಣುಕ್ರಾಂತಿ

ಆಷಾಢ ಶುಕ್ರವಾರಗಳ ಜನಜಂಗುಳಿ ಕರಗಿದೆ. ಶ್ರಾವಣದ ತುಂತುರು ನಿಂತು ಎಳೆಬಿಸಿಲು ಹರಡಿದ ಒಂದು ಬೆಳಗು. ಹದಿನೇಳನೆಯ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರು ಕಟ್ಟಿಸಿದ ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಮೈಸೂರಿನ ಒಂದು ಸಂಸಾರ ನಿಧಾನವಾಗಿ ಏರುತ್ತಿದೆ ಎಂದಿಟ್ಟುಕೊಳ್ಳಬಹುದು. ಅಜ್ಜಿ ದಣಿವಾರಿಸಿಕೊಳ್ಳಲು ಕುಳಿತ ಕಡೆ, ಬಂಡೆಯ ಬಿರುಕಿನಲ್ಲಿ, ಚಿಟಿಕೆಯಷ್ಟು ಮಣ್ಣಿನಲ್ಲಿ ಬೇರೂರಿದ ಒಂದು ಗಿಡ ನೆಲಕ್ಕೆ ಮೈಚಾಚಿಕೊಂಡಿದೆ. ಅದರ ತುಂಬ ತಿಳಿನೀಲಿಯ ಹೂಗಳು. ಒಂದೊಂದೂ ಅಂಗಿಯ ಗುಂಡಿಗಿಂತ ಚಿಕ್ಕದು.

“ಅಜ್ಜಿ, ಇದೇನು ಹೂವು?” ಎಂದು ಮೊಮ್ಮಗಳು ಕೇಳುತ್ತಾಳೆ.

“ವಿಷ್ಣುಕ್ರಾಂತಿ ಕಣಮ್ಮ. ಚೌತಿಯ ದಿನ ಗಣಪತಿಗೆ ಏರಿಸುವ ಇಪ್ಪತ್ತೊಂದು ಪತ್ರೆಗಳಲ್ಲಿ ಇದೂ ಒಂದು.”

“ಅಲ್ಲಮ್ಮ, ಇದು ಶಂಖಪುಷ್ಪಿ” ಎಂದು ತಂದೆ ತಿದ್ದುತ್ತಾರೆ. “ಜ್ಞಾಪಕಶಕ್ತಿಗೆ ಇದರ ಸಮಾನ ಇನ್ನೊಂದಿಲ್ಲವಂತೆ. ನಾಲ್ಕು ಗಿಡ ಬೇರುಸಹಿತ ಕಿತ್ತುಕೊಂಡು ಹೋದರೆ ಚಿಕ್ಕವನ ಪರೀಕ್ಷೆಯ ಹೊತ್ತಿಗೆ ಕಷಾಯ ಮಾಡಿಕೊಡಬಹುದು.”

“ಏನ್ರೀ, ಇದು ನಮ್ಮ ಮಹಡಿಯ ಕುಂಡದಲ್ಲಿರುವ ಗಿಡವೇ ಅಲ್ಲವೇನ್ರೀ? ನರ್ಸರಿಯವನು ಕೊಟ್ಟಾಗ ಅದಕ್ಕೂ ವಿಷ್ಣುಕ್ರಾಂತಿ ಎಂದೇ ಹೇಳಿದ್ದ” ಎನ್ನುತ್ತಾರೆ ತಾಯಿ.

ಮಗಳು ಮೊಬೈಲಿನಲ್ಲಿ ಒಂದು ಚಿತ್ರ ತೆಗೆಯುತ್ತಾಳೆ. ಅದು ಕ್ಷಣಮಾತ್ರದಲ್ಲಿ ಉಚ್ಚರಿಸಲು ನಾಲಗೆ ತಡವರಿಸುವ ಒಂದು ಲ್ಯಾಟಿನ್ ಹೆಸರನ್ನು ಮುಂದಿಡುತ್ತದೆ: ಎವಾಲ್ವುಲಸ್ ಆಲ್ಸಿನಾಯ್ಡಿಸ್.

ಹೂವು ಒಂದು, ಅಭಿಪ್ರಾಯ ನಾಲ್ಕು. ಇಂಥ ಚರ್ಚೆ ಬೆಟ್ಟ ಹತ್ತುವ ಯಾವ ಸಂಸಾರದಲ್ಲಾದರೂ ನಡೆಯಬಹುದಾದದ್ದೇ. ಬರಿಯ ಹೆಸರಿನ ಪ್ರಶ್ನೆಯಾಗಿದ್ದರೆ ನಕ್ಕು ಮುಂದೆ ಸಾಗಬಹುದಿತ್ತು. ಆದರೆ ತಂದೆಯ ಕೈ ಆಗಲೇ ಗಿಡದ ಬುಡದತ್ತ ಚಾಚಿದೆ. ಕಿತ್ತ ಗಿಡ ಕಷಾಯವಾಗಿ ಹುಡುಗನೊಬ್ಬನ ಹೊಟ್ಟೆಯನ್ನು ಸೇರಲಿದೆ. ಹೀಗಿರುವಾಗ ಅದು ಯಾವ ಗಿಡವೆಂಬುದನ್ನು ನಿಶ್ಚಯಿಸಿಕೊಳ್ಳದೆ ಮುಂದುವರಿಯುವುದು ತರವೆ?

ಬಂಡೆಯ ಮೇಲಣ ಬಾಳು

ವಿಷ್ಣುಕ್ರಾಂತಿ ಅಪರೂಪದ ಸಸ್ಯವೇನಲ್ಲ. ಕನ್ನಡ ನಾಡಿನ ಒಣಭೂಮಿಯಲ್ಲಿ, ಜಲ್ಲಿಮಣ್ಣಿನ ದಿಣ್ಣೆಗಳಲ್ಲಿ, ಕುರುಚಲು ಕಾಡಿನ ಅಂಚಿನಲ್ಲಿ, ಕಲ್ಲುಬೆಟ್ಟಗಳ ಇಳಿಜಾರಿನಲ್ಲಿ ಅದು ಧಾರಾಳವಾಗಿ ಬೆಳೆಯುತ್ತದೆ. ಆದರೂ ಅದನ್ನು ಕಂಡವರಿಗಿಂತ ತುಳಿದುಕೊಂಡು ಹೋದವರೇ ಹೆಚ್ಚು. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಅದರ ಗಾತ್ರ. ಎರಡನೆಯದು ಅದು ಇಟ್ಟುಕೊಂಡಿರುವ ವೇಳಾಪಟ್ಟಿ. ಬೆಳಗಿನ ಬಿಸಿಲಿಗೆ ಅರಳುವ ಹೂವು ಮಧ್ಯಾಹ್ನದ ಹೊತ್ತಿಗೆ ಮುದುಡತೊಡಗುತ್ತದೆ. ಒಂದು ಹೂವಿನ ಆಯುಷ್ಯ ಒಂದೇ ದಿನ. ಸಂಜೆ ಗಾಳಿಸಂಚಾರಕ್ಕೆಂದು ಬೆಟ್ಟಕ್ಕೆ ಬರುವವರಿಗೆ ಕಾಣಸಿಗುವುದು ಬೂದುಬಣ್ಣದ ಒಂದು ಹುಲ್ಲುಗಿಡವಷ್ಟೆ.

ಆ ಬೂದುಬಣ್ಣವೂ ವ್ಯರ್ಥವಾದುದಲ್ಲ. ಎಲೆಯನ್ನು ಬೆರಳಿನಿಂದ ಸವರಿದರೆ ರೇಷ್ಮೆಯ ನಯ ಗೊತ್ತಾಗುತ್ತದೆ. ಎಲೆ, ಕಾಂಡ, ಹೂವಿನ ಹೊರಗಣ ಪುಷ್ಪಪತ್ರ, ಎಲ್ಲದರ ಮೇಲೂ ಬಿಳಿಯ ಮೃದುರೋಮಗಳು ದಟ್ಟವಾಗಿ ಹಬ್ಬಿವೆ. ಕಾದ ಬಂಡೆಯ ಮೇಲೆ, ಬೀಸುವ ಗಾಳಿಯಲ್ಲಿ, ಎಲೆಯ ತೇವ ಬೇಗನೆ ಆರಿಹೋಗದಂತೆ ಈ ರೋಮಗಳ ಹೊದಿಕೆ ಕಾಪಾಡುತ್ತದೆ. ಸುಡುವ ಬೆಳಕಿನಲ್ಲಿ ಒಂದಷ್ಟನ್ನು ಹಿಂದಕ್ಕೆ ಚೆಲ್ಲುತ್ತದೆ. ಎಲೆ ಸಣ್ಣದಾಗಿರುವುದೂ ಇದೇ ಮಿತವ್ಯಯದ ಒಂದು ಭಾಗ. ನೆಲದ ಕೆಳಗೆ ಮರದಂತೆ ಗಟ್ಟಿಯಾದ ಒಂದು ಬೇರುಗಡ್ಡೆ ಇರುತ್ತದೆ. ಅದರಿಂದ ತೆಳುವಾದ ಹಲವು ಕಾಂಡಗಳು ಸುತ್ತಲೂ ಹೊರಟು ನೆಲದ ಮೇಲೆ ಒರಗುತ್ತವೆ. ಬೇಸಗೆಯ ಉರಿಗೆ ಮೇಲಿನ ಭಾಗ ಒಣಗಿದರೂ ಬುಡ ಜೀವ ಹಿಡಿದುಕೊಂಡಿರುತ್ತದೆ. ಮಳೆ ಬಿದ್ದೊಡನೆ ಮತ್ತೆ ಚಿಗುರು, ಮತ್ತೆ ಹೂವು.

ಅಂದಮೇಲೆ ಗಿಡವನ್ನು ಬೇರುಸಹಿತ ಕೀಳುವುದೆಂದರೆ ಒಂದು ದಿನದ ಹೂವನ್ನು ಕೊಯ್ದಂತೆ ಅಲ್ಲ. ಹಲವು ಮಳೆಗಾಲಗಳ ಸಂಪಾದನೆಯನ್ನೇ ಒಮ್ಮೆಗೆ ಮುಗಿಸಿದಂತೆ.

ಗುರುತು ಹಿಡಿಯುವ ಬಗೆ

ಸಸ್ಯಶಾಸ್ತ್ರಜ್ಞನು ಹೂವನ್ನು ಗುರುತಿಸುವಾಗ ಬಣ್ಣವನ್ನು ಅಷ್ಟಾಗಿ ನಂಬುವುದಿಲ್ಲ. ಬಣ್ಣ ಮೋಸಮಾಡುತ್ತದೆ. ನೀಲಿಯ ವಿಷ್ಣುಕ್ರಾಂತಿಯಲ್ಲಿಯೇ ಅಪರೂಪಕ್ಕೆ ಬಿಳಿಯ ಹೂಗಳು ಕಾಣುವುದುಂಟು. ಅವನು ನೆಚ್ಚುವುದು ಎಣಿಕೆಯನ್ನು ಮತ್ತು ಜೋಡಣೆಯನ್ನು. ಎಷ್ಟು ಭಾಗಗಳಿವೆ? ಅವು ಬಿಡಿಬಿಡಿಯೋ ಕೂಡಿಕೊಂಡಿವೆಯೋ? ಯಾವುದು ಎಲ್ಲಿ ಹುಟ್ಟಿದೆ? ಈ ಪ್ರಶ್ನೆಗಳಿಗೆ ಉತ್ತರ ಪಡೆಯಲು ಒಂದು ಸಣ್ಣ ಭೂತಗನ್ನಡಿ ಸಾಕು. ನೆಲಕ್ಕೆ ಬಾಗುವ ಸೊಂಟವೂ ಒಂದಿಷ್ಟು ತಾಳ್ಮೆಯೂ ಜೊತೆಗಿರಬೇಕು.

ಮೊದಲು ಗಿಡದ ನಿಲುವು. ವಿಷ್ಣುಕ್ರಾಂತಿ ನೆಲಕ್ಕೆ ಒರಗಿ ಹಬ್ಬುತ್ತದೆ, ತುದಿಯನ್ನು ಸ್ವಲ್ಪ ಮೇಲೆತ್ತುತ್ತದೆ. ಆದರೆ ಯಾವ ಆಸರೆಯನ್ನೂ ಸುತ್ತಿಕೊಂಡು ಏರುವುದಿಲ್ಲ. ಕಾಂಡವು ನೆಲಕ್ಕೆ ತಾಗಿದ ಗೆಣ್ಣುಗಳಲ್ಲಿ ಬೇರು ಬಿಡುವುದಿಲ್ಲ. ಎಲೆಗಳು ಒಂದಾದಮೇಲೊಂದರಂತೆ ಕಾಂಡದ ಎರಡು ಬದಿಗೂ ಇರುತ್ತವೆ. ತೊಟ್ಟು ಇದ್ದೂ ಇಲ್ಲದಂತೆ. ಎಲೆಯ ಉದ್ದ ಸಾಮಾನ್ಯವಾಗಿ ಒಂದರಿಂದ ಎರಡೂವರೆ ಸೆಂಟಿಮೀಟರು.

ಎರಡನೆಯದು ಹೂವಿನ ತೊಟ್ಟು. ಎಲೆಯ ಕಂಕುಳಿನಿಂದ ನೂಲಿನಷ್ಟು ಸಣ್ಣನೆಯ ಒಂದು ತೊಟ್ಟು ಹೊರಡುತ್ತದೆ. ಅದು ಬಹುಮಟ್ಟಿಗೆ ಎಲೆಗಿಂತ ಉದ್ದವಾಗಿದ್ದು, ತುದಿಯಲ್ಲಿ ಒಂದೋ ಎರಡೋ ಹೂಗಳನ್ನು ಎತ್ತಿ ಹಿಡಿಯುತ್ತದೆ. ಗಾಳಿಗೆ ಹೂವು ಕುಣಿಯುವುದು ಈ ನೂಲಿನ ಮೇಲೆಯೇ.

ಮೂರನೆಯದು ಹೂವಿನ ಮುಖ. ದೂರದಿಂದ ಐದು ಎಸಳುಗಳಂತೆ ತೋರುತ್ತದೆ. ಹತ್ತಿರದಿಂದ ನೋಡಿದರೆ ಎಸಳುಗಳು ಬಿಡಿಯಾಗಿಲ್ಲ. ಒಂದೇ ನೀಲಿ ಹಾಳೆಯನ್ನು ಐದು ಮಡಿಕೆಯಾಗಿ ಮಡಿಸಿ ಬಿಚ್ಚಿದಂತಿದೆ. ಇದು ಗೆಣಸಿನ ಮತ್ತು ಕಾಮಲತೆಯ ಕುಟುಂಬದ ಮುದ್ರೆ. ಹೂವಿನ ಅಗಲ ಐದರಿಂದ ಹತ್ತು ಮಿಲಿಮೀಟರು. ನಡುವೆ ಬಿಳಿಯ ಛಾಯೆ, ಅದರಲ್ಲಿ ಐದು ಬಿಳಿಯ ಕೇಸರಗಳು.

ಕೊನೆಯದು ಎಲ್ಲಕ್ಕಿಂತ ಮುಖ್ಯವಾದುದು. ಹೂವಿನ ನಟ್ಟನಡುವೆ ಪುಟ್ಟ ಅಂಡಾಶಯವಿದ್ದು ಅದರ ನೆತ್ತಿಯಿಂದ ಶಲಾಕೆ ಏಳುತ್ತದೆ. ಸಾಮಾನ್ಯವಾಗಿ ಗೆಣಸಿನ ಕುಟುಂಬದ ಹೂಗಳಲ್ಲಿ ಶಲಾಕೆ ಒಂದೇ. ವಿಷ್ಣುಕ್ರಾಂತಿಯಲ್ಲಿ ಬುಡದಿಂದಲೇ ಎರಡು ಶಲಾಕೆಗಳು ಹೊರಡುತ್ತವೆ. ಅವೆರಡೂ ಮತ್ತೆ ಕವಲೊಡೆದು ಒಟ್ಟು ನಾಲ್ಕು ತುದಿಗಳಾಗುತ್ತವೆ. ಹೀಗೆ ಎರಡು ನಾಲ್ಕಾಗುವ ಶಲಾಕೆಯೇ ಎವಾಲ್ವುಲಸ್ ಜಾತಿಯ ಹಸ್ತಾಕ್ಷರ. ಹೂವು ಬಾಡಿದ ಮೇಲೆ ಕಟ್ಟುವ ಕಾಯಿ ಒಂದು ಮೆಣಸಿನ ಕಾಳಿನಷ್ಟು ಗುಂಡಗೆ ಇದ್ದು ನಾಲ್ಕು ಹೋಳಾಗಿ ಬಿರಿಯುತ್ತದೆ. ಒಳಗೆ ಹೆಚ್ಚೆಂದರೆ ನಾಲ್ಕು ಬೀಜಗಳು.

ಹೋಲಿಕೆಯ ಬಲೆ

ಲಕ್ಷಣಗಳನ್ನು ತಿಳಿದುಕೊಂಡ ಮೇಲೆ ಮೋಸಹೋಗುವ ಸಂಭವ ಕಡಮೆ. ಆದರೂ ಹೋಲಿಕೆಯುಳ್ಳ ಕೆಲವು ಸಸ್ಯಗಳನ್ನು ಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ತಾಯಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ನರ್ಸರಿಗಳಲ್ಲಿ ಕುಂಡಕ್ಕೂ ತೂಗುಬುಟ್ಟಿಗೂ ಮಾರುವ ನೀಲಿ ಹೂವಿನ ಗಿಡವೂ ಎವಾಲ್ವುಲಸ್ ಜಾತಿಗೆ ಸೇರಿದ್ದೇ. ಅದು ಎವಾಲ್ವುಲಸ್ ಗ್ಲೊಮೆರೇಟಸ್ ಎಂಬ ಪ್ರಭೇದ. ದಕ್ಷಿಣ ಅಮೆರಿಕದಿಂದ ಬಂದದ್ದು. ಮಾರುಕಟ್ಟೆಯಲ್ಲಿ ಅದಕ್ಕೆ ‘ಬ್ಲೂ ಡೇಜ್’ ಎಂಬ ಹೆಸರಿದೆ. ಶಲಾಕೆಯ ಎಣಿಕೆ ಎರಡರಲ್ಲಿಯೂ ಒಂದೇ. ಆದರೆ ಕುಂಡದ ಗಿಡದ ಹೂವು ಎರಡು ಪಟ್ಟಿಗೂ ಹೆಚ್ಚು ದೊಡ್ಡದು, ಎಲೆಯೂ ದೊಡ್ಡದು. ಹೂಗಳು ಕೊಂಬೆಯ ತುದಿಯಲ್ಲಿ ಗುಂಪಾಗಿ ಎಲೆಗಳಿಗೆ ಒತ್ತಿಕೊಂಡು ಕುಳಿತಿರುತ್ತವೆ. ನೂಲಿನಂಥ ಉದ್ದನೆಯ ತೊಟ್ಟು ಅದಕ್ಕಿಲ್ಲ. ದಾಯಾದಿಗಳೆಂದರೆ ಒಪ್ಪಬಹುದು, ಒಂದೇ ಎಂದರೆ ಒಪ್ಪಲಾಗದು.

ಇನ್ನೊಬ್ಬ ದಾಯಾದಿ ನಗರದ ಉದ್ಯಾನಗಳ ಹುಲ್ಲುಹಾಸಿನಲ್ಲಿಯೇ ಇದ್ದಾನೆ. ಎವಾಲ್ವುಲಸ್ ನಮ್ಮುಲೇರಿಯಸ್ ಎಂಬ ಇದೂ ಅಮೆರಿಕದ ಉಷ್ಣವಲಯದಿಂದ ಬಂದು ನೆಲೆಸಿದ್ದು. ಲ್ಯಾಟಿನ್ ಭಾಷೆಯಲ್ಲಿ ಅದರ ಹೆಸರಿಗೆ ನಾಣ್ಯದ ಸಂಬಂಧವಿದೆ. ಎಲೆಗಳೂ ನಾಣ್ಯದಂತೆ ದುಂಡಗಿವೆ. ಹೂವು ಬಿಳಿ. ಕಾಂಡ ಗೆಣ್ಣುಗೆಣ್ಣಿಗೂ ಬೇರು ಬಿಡುತ್ತ ನೆಲವನ್ನು ಹೊದಿಸುತ್ತದೆ.

ಬೆಟ್ಟದ ಬುಡದ ಬೀಡುಭೂಮಿಯಲ್ಲಿ ಐದು ಎಸಳಿನ ತಿಳಿನೀಲಿಯ ಇನ್ನೊಂದು ಹೂವು ಕಾಣುತ್ತದೆ: ಟ್ರೈಕೊಡೆಸ್ಮಾ ಇಂಡಿಕಮ್. ಅದರ ರೋಮ ರೇಷ್ಮೆಯಲ್ಲ, ಮುಟ್ಟಿದರೆ ಒರಟು. ಹೂವು ತಲೆತಗ್ಗಿಸಿ ನೆಲ ನೋಡುತ್ತದೆ. ಕೇಸರಗಳು ಕೂಡಿಕೊಂಡು ನಡುವೆ ಮೊನಚಾದ ಗೋಪುರದಂತೆ ನಿಂತಿರುತ್ತವೆ. ಇನ್ನು ಮಳೆಗಾಲದ ದಾರಿಬದಿಯಲ್ಲಿ ಕಾಣುವ ಮೂರು ಎಸಳಿನ ನೀಲಿ ಹೂಗಳನ್ನಂತೂ ಎಸಳನ್ನು ಎಣಿಸಿದೊಡನೆ ಬದಿಗಿಡಬಹುದು.

ಒಂದು ಹೆಸರು, ಹಲವು ಗಿಡ

ಗಿಡದ ಗುರುತು ಇಷ್ಟು ಸ್ಪಷ್ಟವಾಗಿರುವಾಗ ಗೊಂದಲ ಹುಟ್ಟಿದ್ದಾದರೂ ಎಲ್ಲಿ? ಗೊಂದಲ ಗಿಡದಲ್ಲಿಲ್ಲ, ಹೆಸರಿನಲ್ಲಿದೆ. ಅದೂ ಇಂದು ನಿನ್ನೆಯದಲ್ಲ.

‘ಕ್ರಾಂತ’ ಎಂದರೆ ಹೆಜ್ಜೆಯಿಟ್ಟು ದಾಟಿದ್ದು. ವಿಷ್ಣುಕ್ರಾಂತಾ ಎಂದರೆ ವಿಷ್ಣುವು ಹೆಜ್ಜೆಯಿಟ್ಟು ಅಳೆದದ್ದು. ತ್ರಿವಿಕ್ರಮನ ಕಥೆಯನ್ನು ಬಲ್ಲವರಿಗೆ ಈ ಮಾತಿನ ಧ್ವನಿ ಕೂಡಲೇ ಹೊಳೆಯುತ್ತದೆ. ಪಾದದಡಿ ಸಿಕ್ಕುವಷ್ಟು ನೆಲಕ್ಕೆ ಹತ್ತಿರವಾಗಿ ಬೆಳೆಯುವ, ಆಕಾಶದ ಬಣ್ಣದ ಈ ಹೂವಿಗೆ ಹೆಸರು ಚೆನ್ನಾಗಿ ಒಪ್ಪುತ್ತದೆ. ಆದರೆ ಅಮರಕೋಶವನ್ನು ತೆರೆದು ನೋಡಿದರೆ ಅಚ್ಚರಿ ಕಾದಿದೆ. ಅಲ್ಲಿ ವಿಷ್ಣುಕ್ರಾಂತಾ ಎಂಬುದನ್ನು ಗಿರಿಕರ್ಣೀ, ಅಪರಾಜಿತಾ ಎಂಬ ಹೆಸರುಗಳೊಡನೆ ಸೇರಿಸಿ ಒಂದೇ ಸಸ್ಯದ ಪರ್ಯಾಯಗಳಾಗಿ ಹೇಳಿದೆ. ಅಪರಾಜಿತೆ ಎಂದು ಇಂದು ಕರೆಯುವುದು ಮನೆಯ ಬೇಲಿಗೆ ಹಬ್ಬುವ ಬಳ್ಳಿಯನ್ನು. ಅವರೆಯ ಕುಟುಂಬದ, ಬೆರಳುದ್ದದ ಕಡುನೀಲಿ ಹೂವಿನ ಆ ಬಳ್ಳಿಗೆ ಸಸ್ಯಶಾಸ್ತ್ರದಲ್ಲಿ ಕ್ಲಿಟೋರಿಯಾ ಟೆರ್ನೇಟಿಯಾ ಎಂದು ಹೆಸರು. ಕನ್ನಡಿಗರು ಅದನ್ನು ಶಂಖಪುಷ್ಪ ಎನ್ನುತ್ತಾರೆ, ಗಿರಿಕರ್ಣಿಕೆ ಎಂದೂ ಕರೆಯುತ್ತಾರೆ.

ಅಲ್ಲಿಗೆ ಒಂದು ಹೆಸರು ಎರಡು ಗಿಡಗಳಿಗಾಯಿತು. ಇನ್ನು ಶಂಖಪುಷ್ಪಿಯ ಕಥೆ ಇದಕ್ಕಿಂತ ಜಟಿಲವಾದುದು. ಶಂಖದಂತೆ ಬಿಳಿಯ ಹೂವುಳ್ಳದ್ದು ಶಂಖಪುಷ್ಪಿಯೋ, ಶಂಖದ ಆಕಾರದ ಹೂವುಳ್ಳದ್ದು ಶಂಖಪುಷ್ಪಿಯೋ? ಹೆಸರು ಎರಡು ಅರ್ಥಕ್ಕೂ ಎಡೆಗೊಡುತ್ತದೆ. ಬಣ್ಣವನ್ನು ಹಿಡಿದವರು ಒಂದು ಗಿಡವನ್ನು ತೋರಿಸಿದರು, ಆಕಾರವನ್ನು ಹಿಡಿದವರು ಮತ್ತೊಂದನ್ನು. ಉತ್ತರ ಭಾರತದಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವುದು ಕನ್ವಾಲ್ವುಲಸ್ ಪ್ರಾಸ್ಟ್ರೇಟಸ್. ಹಿಂದಿನ ಗ್ರಂಥಗಳಲ್ಲಿ ಇದೇ ಕನ್ವಾಲ್ವುಲಸ್ ಪ್ಲುರಿಕಾಲಿಸ್. ಕೇರಳದ ವೈದ್ಯರಿಗೆ ಶಂಖಪುಷ್ಪವೆಂದರೆ ಬೇಲಿಯ ಅಪರಾಜಿತೆಯ ಬಳ್ಳಿ. ಬಂಗಾಳದಲ್ಲಿ ಕ್ಯಾನ್ಸ್‌ಕೋರಾ ಎಂಬ ಬೇರೊಂದು ಕುಟುಂಬದ ಗಿಡ. ಇನ್ನು ಕೆಲವೆಡೆಗಳಲ್ಲಿ ಬೆಟ್ಟದ ಈ ವಿಷ್ಣುಕ್ರಾಂತಿಯನ್ನೇ ಶಂಖಪುಷ್ಪಿಯೆಂದು ಬಳಸುವುದೂ ಉಂಟು. ತಂದೆಯ ಮಾತು ಪೂರ್ತಿಯಾಗಿ ನಿರಾಧಾರವೆಂದು ಹೇಳುವಂತಿಲ್ಲ. ಆದರೆ ಅದನ್ನು ನಂಬಿ ಕಷಾಯಕ್ಕೆ ಒಲೆ ಹೊತ್ತಿಸುವಂತೆಯೂ ಇಲ್ಲ.

ಈ ನಾಲ್ಕನ್ನೂ ಸಾಲಾಗಿ ಇಟ್ಟರೆ ಬೇರ್ಪಡಿಸಲು ಪಂಡಿತರೇ ಬೇಕಿಲ್ಲ. ಅಪರಾಜಿತೆ ಬಳ್ಳಿ, ಅದರ ಒಂದೊಂದು ಎಲೆಯಲ್ಲಿ ಐದೋ ಏಳೋ ಕಿರುಎಲೆಗಳಿವೆ, ಚಪ್ಪಟೆಯಾದ ಕಾಯಿ ಬಿಡುತ್ತದೆ. ಕ್ಯಾನ್ಸ್‌ಕೋರಾದ ಕಾಂಡಕ್ಕೆ ನಾಲ್ಕು ಅಂಚಿನಲ್ಲಿ ರೆಕ್ಕೆಗಳಿದ್ದು ಹೂವು ನಾಲ್ಕು ಭಾಗವಾಗಿದೆ. ಕನ್ವಾಲ್ವುಲಸ್ ಗಿಡವು ವಿಷ್ಣುಕ್ರಾಂತಿಯಂತೆಯೇ ನೆಲಕ್ಕೆ ಒರಗುತ್ತದೆ, ರೋಮವೂ ಇದೆ. ಆದರೆ ಹೂವು ಬಿಳಿ ಇಲ್ಲವೆ ನಸುಗೆಂಪು, ಆಳಿಗೆಯ ಆಕಾರ. ಅದರ ಶಲಾಕೆ ಒಂದೇ. ತುದಿಯಲ್ಲಿ ಮಾತ್ರ ಎರಡು ಸೀಳು. ಒಂದೋ ಎರಡೋ ಎಂಬ ಆ ಒಂದು ಎಣಿಕೆಯಲ್ಲಿ ಇಡೀ ವಿವಾದದ ಕೀಲಿಕೈ ಅಡಗಿದೆ.

ಮಲಬಾರಿನಿಂದ ಸ್ವೀಡನ್ನಿಗೆ

ಗಿಡಕ್ಕೊಂದು ನಿಶ್ಚಿತವಾದ ಹೆಸರು ಬೇಕೆಂಬ ಹಂಬಲ ಹಳೆಯದು. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಮಲಬಾರಿನ ಸಸ್ಯಗಳ ಒಂದು ಮಹಾಗ್ರಂಥವನ್ನೇ ಸಿದ್ಧಪಡಿಸಿದನು. ‘ಹೋರ್ಟಸ್ ಮಲಬಾರಿಕಸ್’ ಎಂಬ ಆ ಗ್ರಂಥ 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಅಚ್ಚಾಯಿತು. ಸಸ್ಯಗಳ ಗುಣವನ್ನು ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು. ಜೊತೆಗೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಅದರ ಹನ್ನೊಂದನೆಯ ಸಂಪುಟದಲ್ಲಿ ‘ವಿಷ್ಣು-ಕ್ಲಾಂದಿ’ ಎಂಬ ಹೆಸರಿನ ಕೆಳಗೆ ಈ ಪುಟ್ಟ ಗಿಡದ ಚಿತ್ರವಿದೆ. ಡಚ್ಚರ ಕಿವಿಗೆ ಬಿದ್ದ ವಿಷ್ಣುಕ್ರಾಂತಿಯ ರೂಪವೇ ಅದು. ಮುನ್ನೂರು ವರ್ಷಗಳಿಗೂ ಹಿಂದೆ ಈ ಕರಾವಳಿಯ ವೈದ್ಯರು ಆ ಹೆಸರು ಹೇಳಿದಾಗ ಬೆರಳು ಮಾಡಿ ತೋರಿಸುತ್ತಿದ್ದುದು ಇದೇ ಗಿಡವನ್ನು ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ. ಅಜ್ಜಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಸ್ವೀಡನ್ನಿನ ಲಿನೇಯಸನು 1753ರಲ್ಲಿ ಸಸ್ಯಗಳಿಗೆಲ್ಲ ಎರಡು ಪದಗಳ ಹೆಸರಿಡಲು ಹೊರಟಾಗ ಇದನ್ನು ಮೊದಲು ಕನ್ವಾಲ್ವುಲಸ್ ಜಾತಿಯಲ್ಲಿಯೇ ಸೇರಿಸಿದನು. ಅಂದರೆ ನಾಮಕರಣದ ಪಿತಾಮಹನೂ ಮೊದಲು ಈ ಎರಡನ್ನೂ ಒಂದೇ ಮನೆಯಲ್ಲಿ ಕೂರಿಸಿದ್ದನು. 1762ರಲ್ಲಿ ತಾನೇ ತಿದ್ದಿಕೊಂಡು ಇದನ್ನು ಎವಾಲ್ವುಲಸ್ ಜಾತಿಗೆ ವರ್ಗಾಯಿಸಿದನು. ಹೆಸರುಗಳಲ್ಲಿಯೇ ವ್ಯತ್ಯಾಸ ಅಡಗಿದೆ. ಕನ್ವಾಲ್ವುಲಸ್ ಎಂದರೆ ಸುತ್ತಿಕೊಳ್ಳುವುದು, ಎವಾಲ್ವುಲಸ್ ಎಂದರೆ ಸುರುಳಿ ಬಿಚ್ಚಿಕೊಂಡದ್ದು. ಆಲ್ಸಿನಾಯ್ಡಿಸ್ ಎಂದರೆ ಆಲ್ಸೈನ್ ಎಂಬ ಯೂರೋಪಿನ ಒಂದು ಕಿರುಗಿಡವನ್ನು ಹೋಲುವಂಥದು. ಮಗಳ ಮೊಬೈಲು ತೋರಿಸಿದ ಹೆಸರಿನ ಹಿಂದೆ ಇಷ್ಟು ದೀರ್ಘವಾದ ಯಾತ್ರೆಯಿದೆ.

1934ರಲ್ಲಿ ವಾನ್ ಊಸ್ಟ್‌ಸ್ಟ್ರೂಮ್ ಎಂಬ ಡಚ್ ವಿದ್ವಾಂಸ ಈ ಜಾತಿಯನ್ನು ಕುರಿತೇ ಒಂದು ಪ್ರೌಢ ಗ್ರಂಥವನ್ನು ಪ್ರಕಟಿಸಿದನು. ಎವಾಲ್ವುಲಸ್ ಜಾತಿಯ ಸುಮಾರು ನೂರು ಪ್ರಭೇದಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಅಮೆರಿಕ ಖಂಡಗಳಿಗೆ ಸೇರಿದವು. ಅವುಗಳ ನಡುವೆ ವಿಷ್ಣುಕ್ರಾಂತಿಯೊಂದು ಏಷ್ಯ, ಆಫ್ರಿಕ, ಆಸ್ಟ್ರೇಲಿಯಗಳ ಉಷ್ಣಪ್ರದೇಶಗಳಲ್ಲೆಲ್ಲ ತನ್ನ ನೆಲವನ್ನು ಕಂಡುಕೊಂಡಿದೆ.

ಔಷಧದ ಮಾತು

ಇನ್ನು ಕಷಾಯದ ಪ್ರಶ್ನೆ. ಚರಕಸಂಹಿತೆಯಲ್ಲಿ ಬುದ್ಧಿಯನ್ನು ಬೆಳೆಸುವ ಮೇಧ್ಯರಸಾಯನಗಳೆಂದು ನಾಲ್ಕನ್ನು ಹೇಳಿದೆ: ಮಂಡೂಕಪರ್ಣಿಯ ರಸ, ಹಾಲಿನೊಡನೆ ಯಷ್ಟಿಮಧುವಿನ ಚೂರ್ಣ, ಅಮೃತಬಳ್ಳಿಯ ರಸ ಮತ್ತು ಶಂಖಪುಷ್ಪಿಯ ಕಲ್ಕ. ಅವುಗಳಲ್ಲಿ ಶಂಖಪುಷ್ಪಿಯೇ ವಿಶೇಷವೆಂಬ ಮಾತೂ ಅಲ್ಲಿದೆ. ಪರೀಕ್ಷೆಯ ಕಾಲದಲ್ಲಿ ತಂದೆತಾಯಿಗಳಿಗೆ ಈ ಹೆಸರು ನೆನಪಾಗುವುದು ಸಹಜವೇ. ಆದರೆ ಭಾರತದ ಆಯುರ್ವೇದ ಔಷಧಕೋಶವು ಶಂಖಪುಷ್ಪಿಯೆಂದು ಅಂಗೀಕರಿಸಿರುವುದು ಕನ್ವಾಲ್ವುಲಸ್ ಗಿಡವನ್ನು, ಬೆಟ್ಟದ ವಿಷ್ಣುಕ್ರಾಂತಿಯನ್ನಲ್ಲ.

ಹಾಗೆಂದು ವಿಷ್ಣುಕ್ರಾಂತಿಗೆ ಔಷಧದಲ್ಲಿ ಸ್ಥಾನವಿಲ್ಲವೆಂದಲ್ಲ. ತಮಿಳುನಾಡಿನ ಸಿದ್ಧವೈದ್ಯರು ಅದನ್ನು ಜ್ವರದಲ್ಲಿ ಬಳಸುತ್ತಾರೆ. ಕೇರಳದಲ್ಲಿ ಅದು ಮಂಗಳಕರವಾದ ದಶಪುಷ್ಪಗಳಲ್ಲಿ ಒಂದು. ಕರ್ಕಾಟಕ ಮಾಸದ ಆಚರಣೆಗಳಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಹೇಳಬೇಕಾದ ಮಾತು ಇಷ್ಟೆ: ಒಂದು ಗಿಡಕ್ಕೆ ಶಾಸ್ತ್ರದಲ್ಲಿ ಹೇಳಿದ ಗುಣವೂ ಪ್ರಮಾಣವೂ, ಹೆಸರು ಒಂದೇ ಎಂಬ ಕಾರಣಕ್ಕೆ, ಬೇರೊಂದು ಗಿಡಕ್ಕೆ ಅನ್ವಯಿಸುವುದಿಲ್ಲ. ಕುಟುಂಬವೇ ಬೇರೆಯಾದ ಸಸ್ಯಗಳ ರಾಸಾಯನಿಕ ದ್ರವ್ಯಗಳೂ ಬೇರೆಯಾಗಿಯೇ ಇರುತ್ತವೆ. ಗಿಡ ಹಸಿಯಾಗಿ, ಹೂವಿನೊಡನೆ ಇರುವವರೆಗೆ ಕಣ್ಣಿನಿಂದ ನಿರ್ಣಯಿಸಬಹುದು. ಒಣಗಿಸಿ ಪುಡಿಮಾಡಿದ ಮೇಲೆ ಎಣಿಸಲು ಶಲಾಕೆಯಿಲ್ಲ, ನೋಡಲು ಎಲೆಯಿಲ್ಲ; ಆಗ ಸೂಕ್ಷ್ಮದರ್ಶಕದ ಮತ್ತು ಪ್ರಯೋಗಶಾಲೆಯ ಮೊರೆ ಹೊಗಬೇಕಾಗುತ್ತದೆ. ಆದುದರಿಂದ ಗಿಡವನ್ನು ಗುರುತಿಸುವ ಕೆಲಸ ಔಷಧದ ಮೊದಲ ಮೆಟ್ಟಿಲು. ಬಲ್ಲ ವೈದ್ಯರ ಮಾತಿಲ್ಲದೆ, ಬೆಟ್ಟದಲ್ಲಿ ಕಿತ್ತದ್ದನ್ನು ಮಗುವಿಗೆ ಕುಡಿಸುವುದು ಪ್ರೀತಿಯ ಕೆಲಸವಾದರೂ ವಿವೇಕದ ಕೆಲಸವಲ್ಲ.

ಕೀಳದೆ ಅರಿಯುವುದು

ಹಿಂದೆ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಗಿಡವನ್ನು ಕಿತ್ತು, ಕಾಗದಗಳ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ ಇಡುತ್ತಿದ್ದರು. ವಿದ್ವಾಂಸರಿಗೆ ಅಂಥ ಸಂಗ್ರಹ ಇಂದಿಗೂ ಅತ್ಯವಶ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕರ್ನಾಟಕದ ಸಸ್ಯಗಳ ಒಣಮಾದರಿಗಳ ದೊಡ್ಡ ಸಂಗ್ರಹವೊಂದಿದೆ. ಜೆಸ್ವಿಟ್ ಪಾದ್ರಿಯೂ ಸಸ್ಯಶಾಸ್ತ್ರಜ್ಞರೂ ಆಗಿದ್ದ ಸೆಸಿಲ್ ಸಲ್ದಾನಾ ಅವರು ಡಾನ್ ನಿಕೋಲ್ಸನ್ ಅವರೊಡನೆ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಇಂಥ ಮಾದರಿಗಳ ಬಲದಿಂದಲೇ ಸಾಧ್ಯವಾದದ್ದು.

ಆದರೆ ರಜೆಯ ದಿನ ಬೆಟ್ಟ ಹತ್ತುವ ಸಂಸಾರಕ್ಕೆ ಅದರ ಅಗತ್ಯವಿಲ್ಲ. ಇಂದು ಎಲ್ಲರ ಜೇಬಿನಲ್ಲಿಯೂ ಒಂದು ಕ್ಯಾಮರಾ ಇದೆ. ಬೇಕಾದುದು ಅದನ್ನು ಬಳಸುವ ಕ್ರಮ. ಹೂವಿನ ಅಂದದ ಒಂದೇ ಚಿತ್ರ ತೆಗೆದು ಯಂತ್ರವನ್ನು ಪ್ರಶ್ನಿಸಿದರೆ ಅದು ಕೊಡುವುದು ಊಹೆಯನ್ನು. ಊಹೆ ಸರಿಯೂ ಇರಬಹುದು, ತಪ್ಪೂ ಇರಬಹುದು. ಅದನ್ನು ಒರೆಗೆ ಹಚ್ಚಲು ಐದು ಚಿತ್ರಗಳು ಬೇಕು. ಇಡೀ ಗಿಡ ನೆಲದ ಮೇಲೆ ಇರುವ ರೀತಿ ಒಂದು. ಎಲೆಯ ಮೇಲ್ಮೈ ಕೆಳಮೈಗಳು ಎರಡನೆಯದು. ಹೂವಿನ ಮುಖವನ್ನು ಶಲಾಕೆ ಕಾಣುವಂತೆ ಹತ್ತಿರದಿಂದ ತೆಗೆದದ್ದು ಮೂರನೆಯದು. ಹೂವಿನ ಪಕ್ಕನೋಟ, ತೊಟ್ಟಿನ ಉದ್ದ ತಿಳಿಯುವಂತೆ, ನಾಲ್ಕನೆಯದು. ಕಾಯಿ ಇದ್ದರೆ ಕಾಯಿ ಐದನೆಯದು. ಪಕ್ಕದಲ್ಲಿ ಒಂದು ನಾಣ್ಯವನ್ನಿಟ್ಟರೆ ಗಾತ್ರದ ಅಳತೆಯೂ ಸಿಕ್ಕುತ್ತದೆ. ಜೊತೆಗೆ ದಿನಾಂಕ, ಸ್ಥಳ, ಬಂಡೆಯೋ ಮಣ್ಣೋ, ಬಿಸಿಲೋ ನೆರಳೋ ಎಂಬ ಟಿಪ್ಪಣಿ. ಇಷ್ಟಿದ್ದರೆ ಬಲ್ಲವರು ಮನೆಯಲ್ಲಿ ಕುಳಿತೇ ಗಿಡವನ್ನು ನಿಶ್ಚಯಿಸಿ ಹೇಳಬಲ್ಲರು. ಚಿತ್ರ ತೆಗೆಯುವುದು ಮಾತ್ರ ಬೆಳಗಿನ ಹೊತ್ತಿನಲ್ಲಾಗಬೇಕು. ವಿಷ್ಣುಕ್ರಾಂತಿ ಮಧ್ಯಾಹ್ನದ ಮೇಲೆ ಅತಿಥಿಗಳಿಗೆ ಮುಖ ತೋರಿಸುವುದಿಲ್ಲ.

ಕಲ್ಲಿಳಿಜಾರೆಂದರೆ ಬರಡುನೆಲವೆಂಬ ಭಾವನೆ ಸಾಮಾನ್ಯವಾಗಿದೆ. ಗಣಿಗಾರನಿಗೆ ಅದು ಜಲ್ಲಿ; ಮರ ನೆಡುವ ಉತ್ಸಾಹಿಗೆ ಅದು ಖಾಲಿ ಜಾಗ. ಬೊಗಸೆ ಮಣ್ಣಿನಲ್ಲಿ ಬದುಕಲು ಕಲಿತ ಇಂಥ ಕಿರುಗಿಡಗಳ ಲೆಕ್ಕ ಇಬ್ಬರಿಗೂ ಬರುವುದಿಲ್ಲ. ಹೆಸರು ತಿಳಿಯದ ಗಿಡ ಹೋದರೂ ಹೋದದ್ದು ಗೊತ್ತಾಗುವುದಿಲ್ಲ. ಹೆಸರು ಹಿಡಿದು ಕರೆಯಬಲ್ಲ ನಾಲ್ಕು ಜನರಿದ್ದರೆ, ಅದು ಇಲ್ಲವಾದ ವರ್ಷ ಯಾರಾದರೊಬ್ಬರು ‘ಎಲ್ಲಿ?’ ಎಂದು ಕೇಳಿಯಾರು.

ಮೆಟ್ಟಿಲ ಬಳಿಯ ಸಂಸಾರ ಇನ್ನೂ ಅಲ್ಲಿಯೇ ಇದೆ. ಮಗಳು ಬಂಡೆಯ ಮೇಲೆ ಮೊಣಕಾಲೂರಿ, ಮೊಬೈಲಿನ ಕಣ್ಣನ್ನು ಹೂವಿನ ಹತ್ತಿರಕ್ಕೆ ಒಯ್ದು, ಚಿತ್ರವನ್ನು ಹಿಗ್ಗಿಸಿ ಎಣಿಸುತ್ತಾಳೆ. “ಎರಡು ಕಡ್ಡಿ, ಎರಡಕ್ಕೂ ಎರಡೆರಡು ಕವಲು. ಅಜ್ಜಿ ಹೇಳಿದ್ದೇ ಸರಿ ಅಪ್ಪ, ಇದು ವಿಷ್ಣುಕ್ರಾಂತಿ” ಎನ್ನುತ್ತಾಳೆ.

ತಂದೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. “ಹಾಗಾದರೆ ಚಿಕ್ಕವನ ಪರೀಕ್ಷೆಗೆ?”

“ಅವನು ಓದಲಿ ಬಿಡಪ್ಪ” ಎಂದು ಅಜ್ಜಿ ಸೆರಗು ಸರಿಮಾಡಿಕೊಂಡು ಮೇಲೇಳುತ್ತಾರೆ.

ಬಿಸಿಲು ಏರುತ್ತಿದೆ. ಇನ್ನೆರಡು ಮೂರು ಗಳಿಗೆಯಲ್ಲಿ ಆ ನೀಲಿ ಹೂಗಳು ಮುದುಡುತ್ತವೆ. ಗಿಡ ಅಲ್ಲಿಯೇ ಉಳಿದಿದೆಯಾದುದರಿಂದ ನಾಳಿನ ಬೆಳಗಿಗೆ ಬೇರೆ ಮೊಗ್ಗುಗಳು ಸಿದ್ಧವಾಗಿರುತ್ತವೆ.